ಎತ್ತದ ಹೈಡ್ರಾಲಿಕ್: ಪಂಪಿಗಿಂತ ಮೊದಲು ಎಣ್ಣೆಯನ್ನು ನೋಡೋಣ

ಒಕ್ಕಲುತನದ ಮನೆಯಲ್ಲಿ ಎತ್ತು ಕುಂಟಿತೆಂದರೆ ಮನೆಮಂದಿಯೆಲ್ಲ ಕಳವಳಗೊಳ್ಳುತ್ತಿದ್ದ ಕಾಲವೊಂದಿತ್ತು. ಆಗ ಹಿರಿಯರು ಮೊದಲು ಗೊರಸನ್ನು ಎತ್ತಿ, ಮುಳ್ಳೋ ಹರಳೋ ಸಿಕ್ಕಿದೆಯೇ ಎಂದು ನೋಡುತ್ತಿದ್ದರು. ಎಲುಬಿನ ಮಾತು ಆಮೇಲಿನದು. ಇಂದು ಅನೇಕ ಮನೆಗಳಲ್ಲಿ ಆ ಎತ್ತಿನ ಸ್ಥಾನದಲ್ಲಿ ಸಣ್ಣ ಟ್ರ್ಯಾಕ್ಟರ್ ನಿಂತಿದೆ. ಅದು ಕುಂಟಿದಾಗ ಮಾತ್ರ ನಾವು ಗೊರಸನ್ನು ನೋಡುವುದನ್ನು ಮರೆತು, ನೇರವಾಗಿ ಎಲುಬನ್ನೇ ಬದಲಿಸಲು ಹೊರಡುತ್ತೇವೆ. ಈ ತಪ್ಪನ್ನು ಸ್ವತಃ ಮಾಡಿ ನಷ್ಟ ಅನುಭವಿಸಿದವರಾದ್ದರಿಂದ, ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇವೆ.

ಕೊಡೇಕಲ್ ಹಿಂದೆ ಸುರಪುರ ತಾಲೂಕಿಗೆ, ಈಗ ಹುಣಸಗಿ ತಾಲೂಕಿಗೆ ಸೇರಿದ ಊರು. ನಾರಾಯಣಪುರದ ಬಸವಸಾಗರ ಜಲಾಶಯ ಇಲ್ಲಿಗೆ ದೂರವಿಲ್ಲ. 1982ರಲ್ಲಿ ಆ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಹರಿಯತೊಡಗಿದ ಮೇಲೆ, ಜೋಳ, ಸಜ್ಜೆ, ತೊಗರಿಯ ಈ ಸೀಮೆಯಲ್ಲಿ ಭತ್ತದ ಗದ್ದೆಗಳು ಹರಡಿಕೊಂಡವು. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಎಲ್ಲರ ಗದ್ದೆಯಲ್ಲೂ ಏಕಕಾಲಕ್ಕೆ ಕೆಸರು ಮಾಡುವ ಕೆಲಸ. ಬಾಡಿಗೆಗೆಂದರೂ ಆಗ ಟ್ರ್ಯಾಕ್ಟರ್ ದೊರೆಯದು.

ಕೆಲವು ವರ್ಷಗಳ ಹಿಂದೆ ಅಂಥದೇ ವಾರದಲ್ಲಿ ನಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ರೋಟವೇಟರನ್ನು ಎತ್ತಲು ನಿರಾಕರಿಸಿತು. ಎಂಟು ದಿನಗಳಿಂದ ಅದು ನಿಧಾನವಾಗಿ ಏಳುತ್ತಿತ್ತು, ಎತ್ತುವಾಗ ಕುಂಯ್ ಎಂದು ನರಳುತ್ತಿತ್ತು. ಅವಸರದಲ್ಲಿ ನಾವು ಕಿವಿಗೊಡಲಿಲ್ಲ. ಬಂದ ರಿಪೇರಿಗಾರರು ಎಣ್ಣೆಯ ಅಳತೆಗೋಲನ್ನೂ ತೆಗೆಯದೆ ‘ಪಂಪ್ ಹೋಗಿದೆ’ ಎಂದರು. ಸಾಲ ಮಾಡಿ ಹೊಸ ಪಂಪ್ ತಂದೆವು. ಜೋಡಿಸಿದ ಮೇಲೂ ತೋಳುಗಳು ಮೇಲೇಳಲಿಲ್ಲ. ನಾಲ್ಕನೆಯ ದಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ಅಳತೆಗೋಲನ್ನು ಎಳೆದು ನೋಡಿದರು. ಎಣ್ಣೆ ಹಾಲಿನಂತೆ ಬೆಳ್ಳಗಾಗಿತ್ತು. ಪಂಪಿಗೆ ಎಣ್ಣೆ ಹೋಗುವ ದಾರಿಯಲ್ಲಿರುವ ಜಾಲರಿಯನ್ನು ಕಳಚಿದರೆ, ಅದರ ತುಂಬ ಕೆಸರು ಬೆರೆತ ಜಿಡ್ಡು ಮತ್ತು ಹತ್ತಿಯ ಎಳೆಗಳು. ಎಣ್ಣೆ ತುಂಬುವಾಗ ನಾವೇ ಹತ್ತಿಯ ಚಿಂದಿಯಿಂದ ಒರೆಸಿದ್ದೆವು. ಕೆಸರುಗದ್ದೆಗೆ ಇಳಿಸುವಾಗ ಅಳತೆಗೋಲಿನ ಮುಚ್ಚಳವನ್ನು ಬಿಗಿ ಮಾಡಿರಲಿಲ್ಲ. ಜಾಲರಿ ತೊಳೆದು, ಹಳೆಯ ಎಣ್ಣೆ ಬಸಿದು ಹೊಸದನ್ನು ತುಂಬಿದೊಡನೆ ರೋಟವೇಟರ್ ಸಲೀಸಾಗಿ ಮೇಲೆದ್ದಿತು. ಅಷ್ಟರಲ್ಲಿ ಮಡಿಯಲ್ಲಿದ್ದ ಸಸಿಗಳ ವಯಸ್ಸು ಮೀರಿತ್ತು. ವಯಸ್ಸು ಮೀರಿದ ಸಸಿ ತೆಂಡೆ ಒಡೆಯುವುದು ಕಡಿಮೆ. ಆ ವರ್ಷದ ರಾಶಿಯಲ್ಲಿ ಅದು ಕಂಡಿತು.

ಯಂತ್ರದ ಮರ್ಮ

ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗಳಲ್ಲಿ ಉಪಕರಣವನ್ನು ಕಟ್ಟಿ ಎಣ್ಣೆಯ ಬಲದಿಂದ ಎತ್ತಿಳಿಸುವ ಪದ್ಧತಿಯನ್ನು ರೂಪಿಸಿದವರು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. 1939ರಲ್ಲಿ ಫೋರ್ಡ್ ಕಂಪನಿಯ 9ಎನ್ ಟ್ರ್ಯಾಕ್ಟರಿನೊಡನೆ ಅದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. ಇಂದಿನ ಸಣ್ಣ ಟ್ರ್ಯಾಕ್ಟರಿನಲ್ಲಿಯೂ ತತ್ತ್ವ ಅದೇ. ಎಂಜಿನ್ನಿನಿಂದ ತಿರುಗುವ ಪಂಪ್ ಜಾಲರಿಯ ಮೂಲಕ ಎಣ್ಣೆಯನ್ನು ಹೀರಿ ಕವಾಟಕ್ಕೆ ಕಳುಹಿಸುತ್ತದೆ. ಸನ್ನೆಯನ್ನು ಮೇಲೆತ್ತಿದರೆ ಕವಾಟವು ಆ ಎಣ್ಣೆಯನ್ನು ಸಿಲಿಂಡರಿಗೆ ಬಿಡುತ್ತದೆ. ಪಿಸ್ಟನ್ ಸರಿದು ತೋಳುಗಳನ್ನು ಎತ್ತುತ್ತದೆ. ಇಳಿಸುವಾಗ ಪಂಪಿನ ಕೆಲಸವಿಲ್ಲ. ಉಪಕರಣದ ಭಾರವೇ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಒತ್ತಡ ಮಿತಿಮೀರದಂತೆ ಕಾಯಲು ರಿಲೀಫ್ ವಾಲ್ವ್ ಇದೆ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ. ಆದ್ದರಿಂದ ಗೇರ್‌ಬಾಕ್ಸಿಗೆ ಹೊಕ್ಕ ಕೆಸರು ನೀರು ಪಂಪಿಗೂ ಹೋಗುತ್ತದೆ ಎಂಬುದನ್ನು ಮರೆಯಲಾಗದು.

ಲಕ್ಷಣ ನೋಡಿ ರೋಗ ತಿಳಿಯುವುದು

ತೋಳುಗಳು ಏಳದೇ ಹೋದಾಗ ಮೊದಲು ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಬೇಕು. ಆಮೇಲೆ ಸನ್ನೆಗಳನ್ನು ನೋಡಬೇಕು. ಟ್ರಾಲಿ ಎತ್ತಲು ಎಣ್ಣೆಯನ್ನು ಹೊರಗೆ ಕಳುಹಿಸುವ ಸನ್ನೆ ಹಾಗೆಯೇ ಉಳಿದಿದ್ದರೆ ತೋಳುಗಳಿಗೆ ಎಣ್ಣೆ ಬಾರದು. ಇಷ್ಟನ್ನು ನೋಡಲು ಒಂದು ಪೈಸೆಯ ಖರ್ಚಿಲ್ಲ.

ನಿಧಾನವಾಗಿ ಏಳುತ್ತಿದ್ದು ಪಂಪ್ ನರಳುತ್ತಿದ್ದರೆ, ಅದಕ್ಕೆ ಸಾಕಷ್ಟು ಎಣ್ಣೆ ಸಿಗುತ್ತಿಲ್ಲವೆಂದು ಅರ್ಥ. ಜಾಲರಿ ಕಟ್ಟಿರಬಹುದು, ಇಲ್ಲವೆ ಹೀರುವ ಕೊಳವೆಯ ಕೂಡಿಕೆಯಲ್ಲಿ ಗಾಳಿ ಸೇರುತ್ತಿರಬಹುದು. ಎಣ್ಣೆಯ ಬಣ್ಣವೇ ಇಲ್ಲಿ ಸಾಕ್ಷಿ: ನೊರೆ ತುಂಬಿದ್ದರೆ ಗಾಳಿ, ಹಾಲಿನಂತಿದ್ದರೆ ನೀರು. ಈ ನರಳಿಕೆಯನ್ನು ಅಲಕ್ಷಿಸಿದರೆ ಚೆನ್ನಾಗಿದ್ದ ಪಂಪೂ ಸವೆಯುತ್ತದೆ.

ಬರಿದಾದ ತೋಳು ಏಳುತ್ತದೆ, ಭಾರ ಏಳುವುದಿಲ್ಲ ಎಂದಾದರೆ ಮೂರು ಕಾರಣಗಳಿರಬಹುದು: ಭಾರ ಅತಿಯಾಗಿರುವುದು, ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿರುವುದು ಅಥವಾ ಸ್ಪ್ರಿಂಗ್ ಸೋತಿರುವುದು, ಪಂಪ್ ಸವೆದಿರುವುದು. ಈ ಗಾತ್ರದ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 500ರಿಂದ 750 ಕೆ.ಜಿ.ವರೆಗೆ ಎತ್ತಬಲ್ಲವು, ಅದೂ ಕೊಂಡಿಯ ತುದಿಯಲ್ಲಿ. ಉಪಕರಣ ಹಿಂದಕ್ಕೆ ಚಾಚಿದಷ್ಟೂ ಎತ್ತುವ ಶಕ್ತಿ ತಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಎತ್ತಿ, ಎಣ್ಣೆ ಕಾದು ತೆಳುವಾದ ಮೇಲೆ ಸೋಲುತ್ತಿದ್ದರೆ ಪಂಪಿನ ಸವೆತವನ್ನು ಶಂಕಿಸಬಹುದು. ಆದರೂ ಒತ್ತಡ ಅಳೆಯುವ ಗೇಜ್ ಹಾಕಿ ನೋಡದೆ ಪಂಪ್ ಬದಲಿಸಲು ಒಪ್ಪಬಾರದು.

ಎತ್ತಿದ ಉಪಕರಣ ತಾನಾಗಿಯೇ ಇಳಿಯುತ್ತಿದ್ದರೆ ಅಥವಾ ತಲೆದೂಗುವಂತೆ ಏಳುತ್ತ ಬೀಳುತ್ತ ಇದ್ದರೆ ಆ ದೋಷ ಸಾಮಾನ್ಯವಾಗಿ ಪಂಪಿನದಲ್ಲ. ಪಿಸ್ಟನ್ನಿನ ಸೀಲಿನಲ್ಲೋ ಕವಾಟದಲ್ಲೋ ಎಣ್ಣೆ ಸೋರುತ್ತಿರುತ್ತದೆ. ಕೆಳಗಿಳಿಯದೆ ಹಟ ಹಿಡಿದರೆ, ಇಳಿಯುವ ವೇಗವನ್ನು ಹೊಂದಿಸುವ ತಿರುಪು ಪೂರ್ತಿ ಮುಚ್ಚಿದೆಯೇ ಎಂದು ನೋಡಬೇಕು.

ಜೀವ ಮೊದಲು, ದುರಸ್ತಿ ಆಮೇಲೆ

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದೆಂದು ಕೋರುತ್ತೇವೆ. ಎಣ್ಣೆಯ ಬಲದ ಮೇಲಷ್ಟೇ ನಿಂತ ಉಪಕರಣದ ಕೆಳಗೆ ಕೈ, ಕಾಲು, ತಲೆ ಹಾಕಬಾರದು. ಸೀಲೊಂದು ಹರಿದರೆ, ಮಗುವೊಂದು ಸನ್ನೆ ಮುಟ್ಟಿದರೆ, ರೋಟವೇಟರ್ ಕ್ಷಣದಲ್ಲಿ ಕೆಳಗಿರುತ್ತದೆ. ಕೆಳಗೆ ಕೆಲಸ ಮಾಡಲೇಬೇಕಾದರೆ ಗಟ್ಟಿಯಾದ ಮರದ ದಿಮ್ಮಿಗಳ ಆಧಾರ ಕೊಡಬೇಕು. ಕೊಳವೆ ಬಿಚ್ಚುವ ಮುನ್ನ ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಸನ್ನೆಯನ್ನು ಆಡಿಸಿ ಒತ್ತಡವನ್ನು ಕಳೆಯಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು. ಪ್ರತಿ ಚದರ ಸೆಂಟಿಮೀಟರಿಗೆ 150 ಕೆ.ಜಿ.ಗೂ ಮೀರಬಲ್ಲ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಅದು ಕೈಯನ್ನೇ ಕಳೆಯಬಲ್ಲದು. ತಡಮಾಡದೆ ಆಸ್ಪತ್ರೆಗೆ ಹೋಗಿ ಹೀಗೆ ಎಣ್ಣೆ ಹೊಕ್ಕಿದೆ ಎಂದು ವೈದ್ಯರಿಗೆ ಹೇಳಬೇಕು.

ಮನೆಯವರೆಲ್ಲರ ಕಾಳಜಿ

ಟ್ರ್ಯಾಕ್ಟರಿನ ಆರೈಕೆ ಓಡಿಸುವವನೊಬ್ಬನ ಕೆಲಸವಲ್ಲ. ನಮ್ಮ ಮನೆಯಲ್ಲಿ ಅಂಗಳ ಗುಡಿಸುವಾಗ ಎಣ್ಣೆಯ ಕಲೆಯನ್ನು ಮೊದಲು ಕಾಣುವವರು ತಾಯಂದಿರು; ಅವರ ಮಾತಿಗೆ ಈಗ ಬೆಲೆ ಕೊಡುತ್ತೇವೆ. ಎಣ್ಣೆ ಬದಲಿಸಿದ ದಿನಾಂಕ, ಓಡಿದ ಗಂಟೆ, ಜಾಲರಿ ತೊಳೆದ ದಿನ ಇವನ್ನು ಶಾಲೆಗೆ ಹೋಗುವ ಮಗಳು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕುತ್ತೇವೆ. ಎಳೆ ಬಿಡದ ಬಟ್ಟೆಯನ್ನೇ ಬಳಸುತ್ತೇವೆ. ಬಸಿದ ಎಣ್ಣೆಯನ್ನು ಕಾಲುವೆಗೆ ಚೆಲ್ಲುವುದಿಲ್ಲ. ಕೆಸರಿನ ಹಂಗಾಮು ಮುಗಿದ ಮೇಲೆ ಎಣ್ಣೆಯ ಬಣ್ಣ ನೋಡುವುದು ನಮಗೆ ನೇಮವಾಗಿದೆ.

ಸಂಶಯ ಬಂದಾಗ ಬಲ್ಲವರನ್ನು ಕೇಳಲು ನಾಚಿಕೆ ಬೇಡ. ಸುರಪುರದ ಸೀಮೆಯವರಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲಿಯೇ ಇದೆ. ರಿಪೇರಿಗೆ ಬಂದವರು ಪಂಪಿನ ಹೆಸರೆತ್ತಿದರೆ, ‘ಎಣ್ಣೆ ನೋಡಿದಿರಾ? ಜಾಲರಿ ತೆಗೆದಿರಾ? ಒತ್ತಡ ಅಳೆದಿರಾ?’ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿರಿ. ಮುಂದಿನ ಸಲ ಕಾಲುವೆಗೆ ನೀರು ಬರುವುದರೊಳಗೆ ಒಮ್ಮೆ ನಿಮ್ಮ ಅಂಗಳದ ಟ್ರ್ಯಾಕ್ಟರಿನ ಅಳತೆಗೋಲನ್ನು ಎಳೆದು ನೋಡಿರೆಂಬುದು ನಮ್ಮ ವಿನಂತಿ.