ಗದ್ದೆಯ ಇಲಿಗೂ ಘಟ್ಟದ ಕಾಳಿಂಗಕ್ಕೂ ಏನು ಸಂಬಂಧ?



ನಿಮ್ಮ ಭತ್ತವನ್ನು ಇಲಿ ತಿನ್ನುತ್ತದೆ. ಇಲಿಯನ್ನು ಕೇರೆ ಹಾವು ಹಿಡಿಯುತ್ತದೆ. ಕೇರೆಯನ್ನು ಕಾಳಿಂಗ ಸರ್ಪ ನುಂಗುತ್ತದೆ. ಪರ್ಕಳದ ಹೆದ್ದಾರಿ ಏರಿ ಹೋಗುವ ಆಗುಂಬೆಯ ಕಾಡೇ ಕಾಳಿಂಗದ ನೆಲೆ. 2024ರಲ್ಲಿ ಪಶ್ಚಿಮ ಘಟ್ಟದ ಈ ಹಾವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ ವಿಜ್ಞಾನಿಗಳು ನಮ್ಮ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟರು.

ಹಾವಿನ ಮೈಗೆ ಹೊರಗಿನ ಶಾಖವೇ ಆಧಾರ. ಹೆಣ್ಣು ಕಾಳಿಂಗವು ಬೇಸಗೆಯಲ್ಲಿ ತರಗೆಲೆ ಗುಡ್ಡೆ ಹಾಕಿ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ಮರಿಗಳು ಹೊರಬರುತ್ತವೆ. ಆದರೆ ಮಳೆ ಹೊತ್ತು ತಪ್ಪುತ್ತಿದೆ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರಬೇಕಾದ ಮುಂಗಾರು 2023ರಲ್ಲಿ ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ ಬಂತು. ಬಿಸಿಯಾಗಲಿ ತೇವವಾಗಲಿ ಮಿತಿಮೀರಿದರೆ ಮೊಟ್ಟೆ ಕೆಡುತ್ತದೆ.

“ಕಾಳಿಂಗ ಕುಗ್ಗಿದರೆ ಕೇರೆ ಹೆಚ್ಚಿ ನಮಗೆ ಲಾಭವಲ್ಲವೇ?” ಎಂದು ಕೇಳಬಹುದು. ಇಲ್ಲ, ಕೇರೆಯೂ ಮೊಟ್ಟೆಯಿಡುವ ಹಾವೇ, ಅದಕ್ಕೂ ಇದೇ ಕಷ್ಟ. ಇಲಿಗೆ ಹಾಗಲ್ಲ, ಮೂರು ವಾರ ಗರ್ಭ ಧರಿಸಿ ಮರಿ ಹಾಕುತ್ತದೆ. ಕಾಳಿಂಗವು ನಾಗರಹಾವನ್ನೂ ತಿನ್ನುತ್ತದೆಂಬುದನ್ನು ಮರೆಯಬಾರದು.

ಆದುದರಿಂದ ಕೇರೆಯನ್ನು ಕೊಲ್ಲಬೇಡಿ. ಕಾಡಂಚಿನ ತರಗೆಲೆಗೆ ಬೆಂಕಿ ಇಡಬೇಡಿ. ಪಾಷಾಣದಿಂದ ಸತ್ತ ಇಲಿಗಳನ್ನು ಆಳವಾಗಿ ಹೂಳಿರಿ. ಕಾಳಿಂಗ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿರಿ. ಮಳೆಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಹಾವನ್ನು ಉಳಿಸುವುದು ಇದೆ.