ಒಲೆಯಿಲ್ಲದೆ ಬೆಚ್ಚಗಿರುವ ಹಸಿರುಮನೆ

ಲಡಾಖ್‌ನ ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಹೊಲದ ಮಣ್ಣು ಕಲ್ಲಾಗಿರುತ್ತದೆ. ಹಿಮ ಬಿದ್ದು ಘಾಟಿಯ ರಸ್ತೆಗಳು ಮುಚ್ಚಿದರೆ ಹೊರಗಿನ ತಾಜಾ ತರಕಾರಿ ವಿಮಾನದಲ್ಲೇ ಬರಬೇಕು. ಅಂಥ ಕಡೆಯ ಹಳ್ಳಿಗಳಲ್ಲೂ ಮಣ್ಣಿನ ಗೋಡೆಯ ಹಸಿರುಮನೆಗಳೊಳಗೆ ಚಳಿಗಾಲದಲ್ಲಿ ಪಾಲಕ್, ಕೊತ್ತಂಬರಿ ಬೆಳೆಯುತ್ತವೆ. ಒಳಗೆ ಒಲೆಯಿಲ್ಲ, ಹೀಟರ್ ಇಲ್ಲ.

ಇರುವ ಕಾವೆಲ್ಲ ಹಗಲಿನ ಬಿಸಿಲಿನದು. ಲಡಾಖ್‌ನಲ್ಲಿ ಚಳಿ ಎಷ್ಟಿದ್ದರೂ ಬಿಸಿಲಿಗೆ ಬರವಿಲ್ಲ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ದಕ್ಷಿಣದ ದಿಗಂತದಿಂದ ಬರೀ 32 ಡಿಗ್ರಿ ಮೇಲಿರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿ ಪಾಲಿಥೀನ್ ಹಾಳೆಯನ್ನು ಓರೆಯಾಗಿ ಹೊದಿಸುತ್ತಾರೆ. ಉತ್ತರದಿಂದ ಆ ಕಾಲದಲ್ಲಿ ನೇರ ಬಿಸಿಲು ಬರುವುದೇ ಇಲ್ಲ. ಅಲ್ಲಿ ಹಾಳೆ ಹಾಕಿದರೆ ಕಾವು ಸೋರುವುದಕ್ಕೆ ಬಾಗಿಲು ತೆರೆದಿಟ್ಟಂತೆ. ಆ ಬದಿಗೆ ದಪ್ಪ ಗೋಡೆ ಕಟ್ಟುತ್ತಾರೆ.

ನನ್ನ ಮಟ್ಟಿಗೆ ಈ ಹಸಿರುಮನೆಯ ಜೀವವೇ ಆ ಗೋಡೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಯ ಸಂಜೆ ಜಗಲಿಕಲ್ಲಿನ ಮೇಲೆ ಕೂತವರಿಗೆ ಗೊತ್ತು, ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಕಲ್ಲು ಬೆಚ್ಚಗೇ ಇರುತ್ತದೆ. ಮಣ್ಣಿನ ಗೋಡೆಯೂ ಹಾಗೆಯೇ: ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬಿಸಿಲನ್ನು ಚೆನ್ನಾಗಿ ಹೀರಲೆಂದು ಅದರ ಒಳಮೈಗೆ ಕಪ್ಪು ಬಳಿಯುತ್ತಾರೆ. ಆದರೆ ಒಂಟಿ ಗೋಡೆ ಸಾಲದು, ಅದು ಕುಡಿದ ಕಾವು ಹೊರಗಿನ ಚಳಿಗೂ ಹೋಗುತ್ತದೆ. ಸುಧಾರಿತ ಮಾದರಿಗಳಲ್ಲಿ ಎರಡು ಗೋಡೆ ಕಟ್ಟಿ, ನಡುವಿನ ಸಂದಿಯಲ್ಲಿ ಒಣಹುಲ್ಲು ಅಥವಾ ಮರದ ಹೊಟ್ಟು ತುಂಬುತ್ತಾರೆ. ಒಳಗೋಡೆ ಕಾವನ್ನು ಕೂಡಿಡುತ್ತದೆ, ಹುಲ್ಲು ಅದನ್ನು ಕಾಯುತ್ತದೆ. ರಾತ್ರಿ ಆ ಕಾವು ನಿಧಾನವಾಗಿ ಸೊಪ್ಪಿನ ಮಡಿಗಳ ಕಡೆಗೆ ಮರಳುತ್ತದೆ.

ಇನ್ನು ಉಳಿದ ಸೋರಿಕೆ ಹಾಳೆಯದು. ಹಗಲಲ್ಲಿ ಬಿಸಿಲನ್ನು ಒಳಗೆ ಬಿಟ್ಟ ಅದೇ ಪಾಲಿಥೀನ್ ರಾತ್ರಿ ಕಾವನ್ನು ಹಿಡಿದಿಡಲಾರದು. ಮೋಡವಿಲ್ಲದ ಆಕಾಶ ಹಗಲಲ್ಲಿ ಎಷ್ಟು ಕೊಡುತ್ತದೋ, ರಾತ್ರಿ ಅಷ್ಟೇ ಆತುರದಿಂದ ಸೆಳೆದುಕೊಳ್ಳುತ್ತದೆ. ಅದಕ್ಕೇ ಬಿಸಿಲು ಜಾರುವ ಮುಂಚೆ ಹಾಳೆಗೆ ಪರದೆ ಎಳೆಯಬೇಕು. ಕತ್ತಲಾದ ಮೇಲೆ ಎಳೆದರೆ ಅಷ್ಟರಲ್ಲಿ ಒಂದಷ್ಟು ಕಾವು ಹೋಗಿಯೇ ಬಿಟ್ಟಿರುತ್ತದೆ.

ಗೋಡೆ ಕಟ್ಟಲಾಗದವರಿಗೆ ನೀರಿದೆ. 200 ಲೀಟರಿನ ಕಪ್ಪು ಡ್ರಮ್ಮನ್ನು ಬಿಸಿಲಿಗೆ ಇಟ್ಟರೆ, ರಾತ್ರಿ ಆ ನೀರು 10 ಡಿಗ್ರಿ ತಣಿಯುವಾಗ ಎರಡು ಯೂನಿಟ್ ವಿದ್ಯುತ್ತಿಗಿಂತ ಹೆಚ್ಚು ಕಾವು ಕೊಡುತ್ತದೆ. ಅಚ್ಚರಿಯೆಂದರೆ ಹೆಪ್ಪುಗಟ್ಟುವಾಗ ಕೊಡುವುದು ಇನ್ನೂ ಹೆಚ್ಚು: ಅಷ್ಟೂ ನೀರು ಮಂಜುಗಡ್ಡೆಯಾದರೆ ಸುಮಾರು 18 ಯೂನಿಟ್! ಡ್ರಮ್ಮನ್ನು ಮಾತ್ರ ಕಂಠಮಟ್ಟ ತುಂಬಬಾರದು, ಹೆಪ್ಪುಗಟ್ಟಿದ ನೀರು ಹಿಗ್ಗಿ ಅದನ್ನು ಒಡೆಯುತ್ತದೆ.

ಬೆಚ್ಚಗಿಡುವ ಆಸೆಯಲ್ಲಿ ಕಿಟಕಿಯನ್ನು ಸದಾ ಮುಚ್ಚಿಡುವುದು ಹಲವರು ಮಾಡುವ ತಪ್ಪು. ಒಳಗಿನ ತೇವ ಎಲೆಗಳ ಮೇಲೆ ಕೂತು ಬೂಸಲು ಹಿಡಿಯುತ್ತದೆ. ನಡುಹಗಲಲ್ಲಿ ಸ್ವಲ್ಪ ಹೊತ್ತು ತೆರೆದು, ಬಿಸಿಲು ಇರುವಾಗಲೇ ಮತ್ತೆ ಮುಚ್ಚಬೇಕು.

ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಹಿತ್ತಿಲಿನ ಗಾಜಿನಮನೆಯಲ್ಲಿ ಕರಿಬೇವು ಉಳಿಸಲು ಒದ್ದಾಡುವ ಕನ್ನಡಿಗರಿಗೆ ಒಂದು ಮಾತು. ಮೋಡ ಕವಿದ ಊರಿನಲ್ಲಿ ಗೋಡೆಗೂ ಡ್ರಮ್ಮಿಗೂ ಕೂಡಿಡಲು ಬಿಸಿಲೇ ಸಾಲದು. ಅಲ್ಲಿ ಕಾವಿಲ್ಲದ ಹಸಿರುಮನೆ ಪಾಲಕ್, ಕೊತ್ತಂಬರಿಯಂಥ ಚಳಿ ತಡೆಯುವ ಸೊಪ್ಪಿಗೆ ಸರಿ. ಕರಿಬೇವು ಹಿಮಪಾತ ತಾಳುವ ಗಿಡವಲ್ಲ. ಅಕ್ಟೋಬರಿನಲ್ಲೇ ಕುಂಡ ಸಮೇತ ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯ ಪಕ್ಕಕ್ಕೆ ತನ್ನಿ.