ಪರೀಕ್ಷೆಯ ಮೇಲೆ ನಿಂತ ಸಾಮ್ರಾಜ್ಯ

ರೋಮ್ ಸಾಮ್ರಾಜ್ಯದ ಪಶ್ಚಿಮ ಭಾಗ ಕ್ರಿ.ಶ. 476ರಲ್ಲಿ ಕುಸಿದ ಮೇಲೆ ಮತ್ತೆ ಒಂದಾಗಲಿಲ್ಲ. 220ರಲ್ಲಿ ಹಾನ್ ಮನೆತನ ಅಳಿದಾಗ ಚೀನಾವೂ ಹರಿದು ಹಂಚಿಹೋಯಿತು. ನಡುವಿನ ಒಂದು ಸಣ್ಣ ಅವಧಿ ಬಿಟ್ಟರೆ, ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ಒಡೆದೇ ಇತ್ತು. ಆದರೆ 589ರಲ್ಲಿ ಸುಯ್ ದೊರೆಗಳು ಅದನ್ನು ಒಗ್ಗೂಡಿಸಿದರು. ತಾಂಗ್ ಆಳ್ವಿಕೆ 907ರಲ್ಲಿ ಮುಗಿದಾಗ ನಾಡು ಮತ್ತೆ ಒಡೆಯಿತು; ಈ ಸಲ ಸಾಂಗ್ ದೊರೆಗಳು ಅದರ ಬಹುಭಾಗವನ್ನು ಸುಮಾರು 70 ವರ್ಷಗಳಲ್ಲೇ ಒಂದುಮಾಡಿದರು. 1279ರಿಂದ ಈಚೆಗೆ ಮನೆತನಗಳು ಉರುಳಿವೆ, ಭೀಕರ ದಂಗೆಗಳಾಗಿವೆ, ಆದರೂ ಶತಮಾನಗಟ್ಟಲೆ ಒಡೆದು ಉಳಿದ ಕಾಲ ಮತ್ತೆ ಬಂದಿಲ್ಲ. ಈ ಒಗ್ಗಟ್ಟಿಗೆ ಒಂದೇ ಲಿಪಿ, ಕನ್‌ಫ್ಯೂಷಿಯಸ್‌ನ ನೀತಿ, ಮಹಾಗೋಡೆ, ಬಲಿಷ್ಠ ಚಕ್ರವರ್ತಿಗಳು ಎಂದು ಬಗೆಬಗೆಯ ಕಾರಣ ಹೇಳುವುದುಂಟು. ಆದರೆ ಲಿಪಿಯೂ ನೀತಿಯೂ 220ರಲ್ಲೂ ಇದ್ದವು. ನಾಡು ಒಡೆಯುವುದನ್ನು ಅವು ತಡೆಯಲಿಲ್ಲ. ಆಮೇಲೆ ಹೊಸದಾಗಿ ಸೇರಿಕೊಂಡದ್ದು ಯಾವುದು ಎಂದು ಹುಡುಕಬೇಕು. ಹಾಗೆ ಹುಡುಕಿದರೆ ಕೈಗೆ ಸಿಗುವುದು ಸರ್ಕಾರಿ ಹುದ್ದೆಗಾಗಿ ನಡೆದ ಲಿಖಿತ ಪರೀಕ್ಷೆ.

ಕ್ರಿ.ಪೂ. 221ರಲ್ಲಿ ಚಿನ್ ದೊರೆ ಆರು ರಾಜ್ಯಗಳನ್ನು ಗೆದ್ದು ಮೊದಲ ಚಕ್ರವರ್ತಿಯಾದಾಗ ವಂಶಪಾರಂಪರ್ಯದ ಸಂಸ್ಥಾನಗಳನ್ನು ತೆಗೆದುಹಾಕಿದ. ನಾಡನ್ನು 36 ಪ್ರಾಂತಗಳಾಗಿ ವಿಂಗಡಿಸಿ ತಾನೇ ನೇಮಿಸಿದ ಅಧಿಕಾರಿಗಳನ್ನು ಕೂರಿಸಿದ. ತೂಕ, ಅಳತೆ, ಲಿಪಿ, ಕೊನೆಗೆ ಬಂಡಿಯ ಅಚ್ಚಿನ ಅಗಲಕ್ಕೂ ಒಂದೇ ನಿಯಮ ಬಂತು. ಇಷ್ಟು ಬಿಗಿಯಾದ ಆಡಳಿತ 15 ವರ್ಷವಷ್ಟೇ ಬಾಳಿತು. ದಂಡನೆಯಿಂದ ತೆರಿಗೆ ಎತ್ತಬಹುದು, ಕಾಲುವೆ ತೋಡಿಸಬಹುದು. ಊರೂರಿನ ಉಳ್ಳವರಿಗೆ ಸಾಮ್ರಾಜ್ಯ ಉಳಿಯಲಿ ಎಂಬ ಆಸೆ ಹುಟ್ಟಿಸಲಾಗದು. ಹಾನ್ ದೊರೆಗಳು ಈ ಕೊರತೆ ಕಂಡುಕೊಂಡರು. ಕ್ರಿ.ಪೂ. 124ರಲ್ಲಿ ರಾಜಧಾನಿಯಲ್ಲಿ ವಿದ್ಯಾಪೀಠ ತೆರೆದರು. ಯೋಗ್ಯರ ಹೆಸರು ಸೂಚಿಸುವಂತೆ ಪ್ರಾಂತಾಧಿಕಾರಿಗಳಿಗೆ ಹೇಳಿದರು. ಆದರೆ ಶಿಫಾರಸು ಎಂಬುದು ಬಲ್ಲಿದರ ಸ್ವತ್ತಾಗಲು ತಡವಾಗಲಿಲ್ಲ. ಹಾನ್ ಅಳಿದ ಮೇಲೆ ಜನರನ್ನು ಒಂಬತ್ತು ದರ್ಜೆಗಳಲ್ಲಿ ಗುರುತಿಸುವ ಪದ್ಧತಿ ಬಂದರೂ ಕ್ರಮೇಣ ಹುಟ್ಟೇ ದರ್ಜೆಯನ್ನು ನಿರ್ಧರಿಸತೊಡಗಿತು. ಚಕ್ರವರ್ತಿ ಯಾರಾದರೇನು, ತಮ್ಮ ಹಿರಿಮೆಗೆ ತಮ್ಮ ವಂಶಾವಳಿಯೇ ಸಾಕು ಎಂದುಕೊಂಡ ಮನೆತನಗಳಿಗೆ ಸಾಮ್ರಾಜ್ಯದ ಹಂಗಿರಲಿಲ್ಲ.

ಸುಯ್ ಕಾಲದಲ್ಲಿ ಮೊಳೆತ ಪರೀಕ್ಷೆ ತಾಂಗ್ ಕಾಲದಲ್ಲಿ ಬೇರು ಬಿಟ್ಟಿತು. ವೂ ಝೆಟಿಯನ್ ಮಹಾರಾಣಿ ಹಳೆಯ ಶ್ರೀಮಂತರ ಬಲ ತಗ್ಗಿಸಲು ಅದನ್ನು ಬಳಸಿಕೊಂಡಳು. ಆದರೂ ಅತ್ಯುನ್ನತ ಪದವಿ ಪಡೆಯುತ್ತಿದ್ದವರು ವರ್ಷಕ್ಕೆ ಇಪ್ಪತ್ತು ಮೂವತ್ತು ಮಂದಿ ಮಾತ್ರ. ಪರೀಕ್ಷಕರಿಗೆ ಮುಂಚೆಯೇ ತಮ್ಮ ಬರಹ ಕಳಿಸಿ ಪರಿಚಯ ಮಾಡಿಕೊಳ್ಳುವ ರೂಢಿಯೂ ಇತ್ತು. ಒಂಬತ್ತನೆಯ ಶತಮಾನದ ಕೊನೆಯ ಹುವಾಂಗ್ ಚಾವ್ ದಂಗೆ ಹಳೆಯ ಮನೆತನಗಳನ್ನು ನುಚ್ಚುನೂರು ಮಾಡಿದ ಮೇಲೆ ಸಾಂಗ್ ದೊರೆಗಳಿಗೆ ದಾರಿ ತೆರವಾಯಿತು. 973ರಲ್ಲಿ ಮೊದಲ ಸಾಂಗ್ ಚಕ್ರವರ್ತಿ ಕೊನೆಯ ಸುತ್ತಿನ ಪರೀಕ್ಷೆಯನ್ನು ಅರಮನೆಯಲ್ಲಿ ತಾನೇ ನಡೆಸಿದ. ಮುಂದೆ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚುವುದು, ಕೈಬರಹದ ಗುರುತು ಸಿಗದಂತೆ ಗುಮಾಸ್ತರಿಂದ ಇಡೀ ಉತ್ತರವನ್ನು ನಕಲು ಮಾಡಿಸಿ ಪರೀಕ್ಷಕರಿಗೆ ಕೊಡುವುದು ನಿಯಮವಾಯಿತು. ಮರದಚ್ಚಿನ ಮುದ್ರಣ ಹರಡಿ ಪುಸ್ತಕ ಅಗ್ಗವಾದದ್ದರಿಂದ ರಾಜಧಾನಿಯಿಂದ ದೂರದ ಊರಿನಲ್ಲೂ ತಯಾರಿ ನಡೆಸುವುದು ಸಾಧ್ಯವಾಯಿತು.

ಇದು ಸಾಮ್ರಾಜ್ಯವನ್ನು ಹೇಗೆ ಬಿಗಿಯಿತು ಎಂಬುದನ್ನು ಮಿಂಗ್ ಕಾಲದ ಒಂದು ಪ್ರಕರಣ ಚೆನ್ನಾಗಿ ತೋರಿಸುತ್ತದೆ. 1397ರಲ್ಲಿ ರಾಜಧಾನಿಯ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲ ದಕ್ಷಿಣದವರೇ ಆದರು. ಉತ್ತರದವರು ದೂರು ಕೊಟ್ಟರು. ಚಕ್ರವರ್ತಿ ಪರೀಕ್ಷಕರಲ್ಲಿ ಕೆಲವರಿಗೆ ಮರಣದಂಡನೆ ವಿಧಿಸಿ, ಉತ್ತರದವರದೇ ಇನ್ನೊಂದು ಪಟ್ಟಿ ಹೊರಡಿಸಿದ. 1427ರ ಹೊತ್ತಿಗೆ ಪ್ರತಿ ನೂರು ಸ್ಥಾನಗಳಲ್ಲಿ ದಕ್ಷಿಣಕ್ಕೆ 55, ಉತ್ತರಕ್ಕೆ 35, ನಡುವಣ ಪ್ರದೇಶಕ್ಕೆ 10 ಎಂಬ ಹಂಚಿಕೆ ನೆಲೆಗೊಂಡಿತು. ಪಾಂಡಿತ್ಯವೊಂದೇ ಮುಖ್ಯವಾಗಿದ್ದರೆ ಈ ಹಂಚಿಕೆ ಬೇಕಿರಲಿಲ್ಲ. ಎಲ್ಲ ಸೀಮೆಯ ಗಣ್ಯರಿಗೂ ಆಸ್ಥಾನದಲ್ಲಿ ಪಾಲಿರಬೇಕು ಎಂಬುದು ಒಳಗಿನ ಲೆಕ್ಕ. ಗೆದ್ದವರಷ್ಟೇ ಸೋತವರೂ ಮುಖ್ಯರು. ಕೆಳಹಂತದ ಪದವಿ ಪಡೆದು ಅಲ್ಲೇ ನಿಂತವರಿಗೂ ಬಿಟ್ಟಿ ದುಡಿಮೆಯಿಂದ ವಿನಾಯಿತಿ, ಊರಿನಲ್ಲಿ ಮರ್ಯಾದೆ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ 40 ಕೋಟಿಗೂ ಮಿಕ್ಕಿದ ಜನರಿಗೆ ಇದ್ದ ಕೆಳಮಟ್ಟದ ಆಡಳಿತ ಘಟಕಗಳು ಸುಮಾರು 1,300. ಅಂದರೆ ಒಬ್ಬ ಅಧಿಕಾರಿಗೆ ಸರಾಸರಿ ಮೂರು ಲಕ್ಷ ಜನ. ಆತ ಸ್ವಂತ ಪ್ರಾಂತದಲ್ಲಿ ಕೆಲಸ ಮಾಡುವಂತಿರಲಿಲ್ಲವಾದ್ದರಿಂದ ಎಷ್ಟೋ ಸಲ ಸ್ಥಳೀಯ ಮಾತೂ ಬರುತ್ತಿರಲಿಲ್ಲ. ಶಾಲೆ, ಒಡ್ಡು, ವ್ಯಾಜ್ಯ, ಬರಗಾಲದ ಗಂಜಿಕೇಂದ್ರ ಇವನ್ನೆಲ್ಲ ನಡೆಸಿದವರು ಈ ಸ್ಥಳೀಯ ಪದವೀಧರರೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಇದು ಉಳ್ಳವರ ಆಟ ತಾನೆ? ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ನಟರಂಥ ‘ಕೀಳು’ ವೃತ್ತಿಯವರ ಮಕ್ಕಳನ್ನೂ ಹೊರಗಿಟ್ಟಿದ್ದರು. ವರ್ಷಗಟ್ಟಲೆ ದುಡಿಯದೆ ಓದುವುದು ಗೇಣಿದಾರನ ಮಗನಿಗೆ ಆಗುವ ಮಾತಲ್ಲ. 1148 ಮತ್ತು 1256ರ ತೇರ್ಗಡೆ ಪಟ್ಟಿಗಳನ್ನು ಪರಿಶೀಲಿಸಿದ ಇತಿಹಾಸಕಾರ ಕ್ರಾಕ್, ಅರ್ಧಕ್ಕೂ ಹೆಚ್ಚು ಮಂದಿಯ ತಂದೆ, ಅಜ್ಜ, ಮುತ್ತಜ್ಜ ಅಧಿಕಾರಿಗಳಾಗಿರಲಿಲ್ಲ ಎಂದು ತೋರಿಸಿದರು. ದೊಡ್ಡಪ್ಪ, ಸೋದರಮಾವ, ಬೀಗರು ಇವರನ್ನೂ ಲೆಕ್ಕಕ್ಕೆ ಹಿಡಿದರೆ ಹೊಸಬರ ಸಂಖ್ಯೆ ಇಳಿಯುತ್ತದೆ ಎಂದು ಹೈಮ್ಸ್ ಮುಂದೆ ಪ್ರತಿವಾದಿಸಿದರು. ಹೈಮ್ಸ್ ಹೇಳಿದ್ದೇ ಸರಿ ಎಂದಿಟ್ಟುಕೊಂಡರೂ ನಮ್ಮ ವಾದ ಸಡಿಲವಾಗದು. ಪರೀಕ್ಷೆ ಸಮಾನತೆ ತಂದಿತು ಎಂಬುದು ಇಲ್ಲಿನ ಮಾತಲ್ಲ. ಸಾಮ್ರಾಜ್ಯವನ್ನು ಒಡೆಯುವ ತಾಕತ್ತು ಇದ್ದದ್ದೇ ಉಳ್ಳವರಿಗೆ. ಹಿರಿಯ ಅಧಿಕಾರಿಗಳ ಮಕ್ಕಳಿಗೆ ಕೆಲವು ರಿಯಾಯಿತಿಗಳಿದ್ದರೂ, ಮನೆತನದ ಹಿರಿಮೆ ಉಳಿಯಬೇಕಾದರೆ ಪ್ರತಿ ತಲೆಮಾರೂ ಚಕ್ರವರ್ತಿಯ ಬಾಗಿಲಿಗೆ ಬಂದು ಅದನ್ನು ಹೊಸದಾಗಿ ಗಳಿಸಬೇಕಾಯಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಮಂಗೋಲರೂ ಮಂಚುಗಳೂ ಆಳಿದ ನಾಡಿನಲ್ಲಿ ಅಖಂಡತೆ ಎಲ್ಲಿ ಬಂತು, ಇದೇ ಪರೀಕ್ಷೆ ಚೀನಾವನ್ನು ಜಡಗೊಳಿಸಲಿಲ್ಲವೇ? ಹೊರಗಿನವರ ಆಳ್ವಿಕೆ ಈ ವಾದಕ್ಕೆ ಪುರಾವೆಯೇ ಆಗುತ್ತದೆ. ಪರೀಕ್ಷೆಯನ್ನು ಕೈಬಿಟ್ಟಿದ್ದ ಮಂಗೋಲರು 1315ರಲ್ಲಿ ಅದನ್ನು ಮತ್ತೆ ನಡೆಸಿದರು. 1644ರಲ್ಲಿ ಬೀಜಿಂಗ್ ಹಿಡಿದ ಮಂಚುಗಳು ದಕ್ಷಿಣದಲ್ಲಿ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1646ರಲ್ಲಿ, ಪರೀಕ್ಷೆ ಏರ್ಪಡಿಸಿದರು. ಜಡತೆಯ ಆರೋಪದಲ್ಲಿ ಮಾತ್ರ ಸತ್ಯಾಂಶವಿದೆ. ಸಿಡಿಮದ್ದು, ದಿಕ್ಸೂಚಿ, ಬಿ ಶೆಂಗ್‌ನ ಬಿಡಿ ಅಚ್ಚುಮೊಳೆ ಇವು ಪರೀಕ್ಷೆ ಬಲವಾಗಿದ್ದ ಸಾಂಗ್ ಕಾಲದಲ್ಲೇ ಬಳಕೆಗೆ ಬಂದವಾದ್ದರಿಂದ ಪರೀಕ್ಷೆ ಇದ್ದಲ್ಲಿ ಹೊಸತು ಹುಟ್ಟದು ಎನ್ನಲಾಗದು. ಆದರೆ ಎಂಟು ಅಂಗಗಳ ಕಟ್ಟುನಿಟ್ಟಿನ ಪ್ರಬಂಧವೇ ಅಳತೆಗೋಲಾದ ಮೇಲೆ ನಾಡಿನ ಚುರುಕು ಬುದ್ಧಿಯೆಲ್ಲ ಒಂದೇ ಪಠ್ಯದ ಸುತ್ತ ಸುತ್ತಿತು. ಸೋತವರ ಸಿಟ್ಟಿಗೂ ಅದು ಕಾರಣವಾಯಿತು. ಕೋಟ್ಯಂತರ ಜನರನ್ನು ಬಲಿ ತೆಗೆದುಕೊಂಡ ತೈಪಿಂಗ್ ದಂಗೆಯ ನಾಯಕ ಹಾಂಗ್ ಶಿಯುಚುವಾನ್ ಮತ್ತೆ ಮತ್ತೆ ಪರೀಕ್ಷೆ ಬರೆದು ನಪಾಸಾದವನು. ಆ ದಂಗೆಯನ್ನು ಅಡಗಿಸಲು ಸೈನ್ಯ ಕಟ್ಟಿದ ಜೆಂಗ್ ಗುವೋಫಾನ್ ಅದೇ ಪರೀಕ್ಷೆಯ ಅತ್ಯುನ್ನತ ಪದವೀಧರ ಎಂಬುದನ್ನೂ ಮರೆಯಬಾರದು.

1905ರಲ್ಲಿ ಮಂಚು ಸರ್ಕಾರ ಒಂದು ಆಜ್ಞೆಯಿಂದ ಪರೀಕ್ಷೆಯನ್ನು ರದ್ದುಮಾಡಿತು. ಆರು ವರ್ಷಗಳ ಬಳಿಕ, 1911ರ ಅಕ್ಟೋಬರಿನಲ್ಲಿ, ವೂಚಾಂಗ್‌ನಲ್ಲಿ ಸೈನಿಕರು ಬಂಡೆದ್ದಾಗ ಪ್ರಾಂತಗಳು ಒಂದರ ಹಿಂದೊಂದು ಕೈಬಿಟ್ಟವು. 1912ರ ಫೆಬ್ರವರಿಯಲ್ಲಿ ಬಾಲ ಚಕ್ರವರ್ತಿ ಪಟ್ಟ ತ್ಯಜಿಸಿದ. ಜಪಾನಿನ ಎದುರಿನ ಸೋಲು, ಯುದ್ಧಪರಿಹಾರದ ಸಾಲ, ರೈಲುಮಾರ್ಗಗಳ ರಾಷ್ಟ್ರೀಕರಣದ ಜಗಳ ಇವೂ ಆ ಪತನಕ್ಕೆ ಕಾರಣಗಳೇ. ಆದರೆ ತೈಪಿಂಗ್ ದಂಗೆಯಂಥ ದುರಂತದಲ್ಲೂ ಸಿಂಹಾಸನದ ಬೆನ್ನಿಗೆ ನಿಂತಿದ್ದ ಪ್ರಾಂತಗಳ ಗಣ್ಯರು ಈಗ ಏಕೆ ಸುಮ್ಮನಿದ್ದರು ಎಂಬುದನ್ನು ಅವು ವಿವರಿಸುವುದಿಲ್ಲ. ಅವರ ಮಕ್ಕಳು ಆಗ ಸೈನಿಕ ಶಾಲೆಗಳಲ್ಲಿ, ಟೋಕಿಯೋದ ಕಾಲೇಜುಗಳಲ್ಲಿ ಓದುತ್ತಿದ್ದರು. ಅವರ ಏಳಿಗೆಗೆ ಚಕ್ರವರ್ತಿಯ ಮುದ್ರೆ ಬೇಕಿರಲಿಲ್ಲ. ಚೀನಾದ ಇತಿಹಾಸವನ್ನು ಅರಿಯಬಯಸುವವರು ಚಕ್ರವರ್ತಿಗಳ ಪಟ್ಟಿಗಿಂತ ಮೊದಲು ತೇರ್ಗಡೆಯಾದವರ ಪಟ್ಟಿಗಳನ್ನು ಓದುವುದು ಒಳ್ಳೆಯದು.